ಮಂಚದ ಮೂಲೆಗೆ ಕಾಣದ ಟಿವಿ

ಟಿವಿ ಕೊಳ್ಳಲು ಬಂದವರ ಕೈಗೆ ನಮ್ಮ ಅಂಗಡಿಯಲ್ಲಿ ಮೊದಲು ಸಿಗುವುದು ಒಂದು ಹಾಳೆ, ಒಂದು ಪೆನ್ನು.

"ಮನೆ ಬರೀರಿ" ಎನ್ನುತ್ತಾರೆ ಅಕ್ಕ.

ಬಂದವರು ಕಕ್ಕಾಬಿಕ್ಕಿಯಾಗುತ್ತಾರೆ. "ಮನೆ ಅಂದ್ರೆ ವಿಳಾಸಾನಾ?"

"ವಿಳಾಸ ಆಮೇಲೆ. ಟಿವಿ ಇಡೋ ಕೋಣೆ ಬರೀರಿ. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ, ಯಾರು ಎಲ್ಲಿ ಕೂರ್ತಾರೆ, ಯಾರು ಎಲ್ಲಿ ಮಲಗ್ತಾರೆ, ಎಲ್ಲಾ."

ನಕ್ಷೆ ಮುಗಿದ ಮೇಲೆ ಒಂದು ಕಾಲು ಗಿಡ್ಡವಿರುವ ಮರದ ಸ್ಟೂಲು ಬರುತ್ತದೆ. ಆ ಮನೆಯಲ್ಲಿ ಎಲ್ಲರಿಗಿಂತ ಮೂಲೆಯಲ್ಲಿ ಇರುವವರು ಯಾರೋ, ಅವರ ಜಾಗವನ್ನು ಅಂದಾಜು ಮಾಡಿ ಅಕ್ಕ ಸ್ಟೂಲನ್ನು ಅಷ್ಟೇ ಓರೆಗೆ ಇಡುತ್ತಾರೆ. ಯಜಮಾನನನ್ನು ಅದರ ಮೇಲೆ ಕೂರಿಸಿ, "ಈಗ ನೋಡಿ, ಯಾವುದು ಬೇಕು?" ಎಂದು ಕೇಳುತ್ತಾರೆ. ಗೋಡೆಗೆ ಅಂಟಿಕೊಳ್ಳುವ ಈ ಚಪ್ಪಟೆ ಟಿವಿಗಳ ಗುಟ್ಟು ಅಲ್ಲಿದೆ. ಎದುರಿಗೆ ನಿಂತರೆ ಎಲ್ಲವೂ ಚಂದ. ಪಕ್ಕಕ್ಕೆ ಸರಿದರೆ ಕೆಲವು ಹಾಗೇ ಇರುತ್ತವೆ, ಕೆಲವು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತವೆ. ಎದುರಿಗೆ ನಿಂತು ಆರಿಸಿಕೊಂಡು ಹೋದವರಿಗೆ ಇದು ಗೊತ್ತಾಗುವುದು ಮನೆಗೆ ಹೋದ ಮೇಲೆ.

ಹಾಗಾಗಿ ಅಕ್ಕನಿಗೆ ನಕ್ಷೆಯಕ್ಕ ಎಂದು ಹೆಸರು ಬಿತ್ತು. ಎದುರಿಗೆ ಮಾತ್ರ ಎಲ್ಲರೂ ಬರೀ ಅಕ್ಕ ಎನ್ನುತ್ತೇವೆ, ಧೈರ್ಯ ಸಾಲದೆ.

ನಾನು ಪಕ್ಕದ ಫ್ರಿಜ್ಜಿನ ಸಾಲಿನವನು. ನನ್ನ ಗಿರಾಕಿಗಳಿಗೆ ಒಂದೇ ರೋಗ. ಬಾಗಿಲು ತೆಗೆಯುವುದು, ಖಾಲಿ ಫ್ರಿಜ್ಜಿನೊಳಗೆ ತಲೆ ತೂರಿಸಿ ಏನೋ ಇಟ್ಟು ಮರೆತವರಂತೆ ಹುಡುಕುವುದು, ಮತ್ತೆ ಧಡ್ ಎಂದು ಮುಚ್ಚುವುದು. ನಾನು ಹಲ್ಲು ಕಚ್ಚಿಕೊಂಡು ನಗುತ್ತೇನೆ. ಅಕ್ಕನಿಗೆ ಅಂಥ ಮುಲಾಜಿಲ್ಲ. ಒಮ್ಮೆ ಒಬ್ಬ ದಪ್ಪ ಮೀಸೆಯವನು, "ನಮ್ಮಪ್ಪ ಎಲ್ಲಿ ಕೂತ್ರೂ ನಡೆಯುತ್ತೆ ಬಿಡ್ರಿ" ಎಂದ. "ಅವರಿಗೆ ನಡೆಯುತ್ತೆ. ನನಗೆ ನಡೆಯಲ್ಲ" ಎಂದು ಅಕ್ಕ ಅವನ ಕೈಯಿಂದ ಪೆನ್ನು ಕಿತ್ತುಕೊಂಡರು. ಅವನು ದುರುಗುಟ್ಟಿಕೊಂಡು ಹೊರಗೆ ಹೋದ. ಮ್ಯಾನೇಜರು ಕೂಗಾಡಿದ. ಆದರೆ ಅಕ್ಕ ಮಾರಿದ ಟಿವಿ ಎಂದೂ ವಾಪಸು ಬರುವುದಿಲ್ಲವಾದ್ದರಿಂದ ಅವನ ಕೂಗಾಟ ಅಲ್ಲಿಗೇ ನಿಲ್ಲುತ್ತಿತ್ತು.

ಇಪ್ಪತ್ತನಾಲ್ಕನೆಯ ವಯಸ್ಸಿಗೆ ಧೂಳು ಒರೆಸುವ ಕೆಲಸಕ್ಕೆಂದು ಬಂದವರು ಅಕ್ಕ. ಗಂಡ ಬಸ್ ಕಂಡಕ್ಟರು. ಇಬ್ಬರೂ ದಿನವಿಡೀ ನಿಂತು ದುಡಿಯುವವರು, ಮನೆಗೆ ಹೋದ ಮೇಲೆ ಯಾರು ಮೊದಲು ಕಾಲು ಚಾಚುವುದೆಂದು ಜಗಳವಾಡುವವರು. ಈಗಲೂ ಬೆಳಿಗ್ಗೆ ಬಂದವರೇ ಅಕ್ಕ ಸೊಂಟಕ್ಕೆ ಸಿಕ್ಕಿಸಿದ ಮೆತ್ತನೆಯ ಬಟ್ಟೆ ತೆಗೆದು ನಲವತ್ತಾರು ಪರದೆಗಳನ್ನೂ ಒಂದೊಂದಾಗಿ ಒರೆಸುತ್ತಾರೆ. ಬೇರೆಯವರು ಮುಟ್ಟಿದರೆ ಆಗದು. "ನಿಮ್ಮ ಕೈ ಪಾತ್ರೆ ಉಜ್ಜೋ ಕೈ" ಎಂದು ಬೈಯುತ್ತಾರೆ.

ಈ ಹಾಳೆ ಪೆನ್ನಿನ ಪದ್ಧತಿ ಯಾವಾಗ ಶುರುವಾಯಿತು ಎಂದು ನಾನೊಮ್ಮೆ ಊಟದ ಹೊತ್ತಿಗೆ, ಖಾಲಿ ಪೆಟ್ಟಿಗೆಗಳ ಹಿಂದೆ ಕೂತಿದ್ದಾಗ ಕೇಳಿದೆ. ಅಕ್ಕ ತುತ್ತು ಕೈಯಲ್ಲೇ ಹಿಡಿದು ಹೇಳಿದ್ದು ಇದು. ಅವರು ಹೇಳಿದಷ್ಟನ್ನೂ ನಾನು ಹೇಳುತ್ತೇನೆ, ಬಣ್ಣ ಕಟ್ಟುವುದಿಲ್ಲ.

ಇಂದಿಗೆ ಹದಿನೈದು ವರ್ಷಗಳ ಹಿಂದೆ ಅವರ ಅಣ್ಣ, ಅತ್ತಿಗೆ ಈ ಅಂಗಡಿಗೆ ಟಿವಿ ಕೊಳ್ಳಲು ಬಂದರು. ಡಬ್ಬದಂಥ ಹಳೆಯ ಟಿವಿ ಕೆಟ್ಟಿತ್ತು. ಅಕ್ಕನ ತಾಯಿ ಅಣ್ಣನ ಮನೆಯಲ್ಲೇ ಇದ್ದರು. ಸೊಂಟ ಬಿದ್ದು ಹೋಗಿತ್ತು, ಹೊರಗೆ ಕಾಲಿಡುವ ಹಾಗಿರಲಿಲ್ಲ. ಅವರಿಗೆ ಉಳಿದ ಸುಖವೆಂದರೆ ಟಿವಿ ಒಂದೇ. ಸಂಜೆಯ ಧಾರಾವಾಹಿಯ ಪಾತ್ರಗಳೆಲ್ಲ ಅವರಿಗೆ ನೆಂಟರಿಷ್ಟರ ಹಾಗೆ. ಅಳುವವರ ಜೊತೆ ಅತ್ತು, ಕೆಟ್ಟವರಿಗೆ ಶಾಪ ಹಾಕಿ ದಿನ ಕಳೆಯುತ್ತಿದ್ದರು.

ಅಕ್ಕ ಆಗಲೂ ಒಂದು ಮಾತು ಕೇಳಿದ್ದರು. "ಅಮ್ಮ ಎಲ್ಲಿ ಕೂತು ನೋಡ್ತಾರೆ ಅತ್ತಿಗೆ?"

"ನಮ್ಮ ಜೊತೇಲೇ, ಸೋಫಾದ ಮಧ್ಯದಲ್ಲಿ. ಇನ್ನೆಲ್ಲಿ ಕೂರಿಸ್ತೀನಿ ಅಂದ್ಕೊಂಡೆ?"

ಅಷ್ಟು ಸಾಕಾಯಿತು. ಆಗ ಬಂದಿದ್ದ ಒಂದು ಇಪ್ಪತ್ತೆರಡು ಇಂಚಿನ ಟಿವಿಯನ್ನು ಅಕ್ಕನೇ ಆರಿಸಿ, ಅಕ್ಕನೇ ಒರೆಸಿ ಕಳಿಸಿಕೊಟ್ಟರು.

ತಿಂಗಳು ಕಳೆಯುವುದರೊಳಗೆ ತಾಯಿ ಫೋನಿನಲ್ಲಿ ಗೊಣಗಲು ಶುರುಮಾಡಿದರು. "ಏನೋ ಮಗಳೇ, ಎಲ್ಲರ ಮುಖಾನೂ ಕಪ್ಪಗೆ ಕಾಣ್ತದೆ. ಹಲ್ಲೂ ಕಪ್ಪು. ಯಾರು ನಗ್ತಾರೆ, ಯಾರು ಅಳ್ತಾರೆ, ಒಂದೂ ತಿಳಿಯಲ್ಲ."

ಮಗಳು ಟಿವಿ ಮಾರುವವಳು. ತಾನೇ ಆರಿಸಿದ ಟಿವಿಯ ಮೇಲೆ ಎಳ್ಳಷ್ಟೂ ಅನುಮಾನ ಬರಲಿಲ್ಲ. "ಟಿವಿಗೇನಾಗಿಲ್ಲಮ್ಮ, ಕಣ್ಣು ತೋರಿಸ್ಕೋ" ಎಂದರು. "ಆಯ್ತಮ್ಮ" ಎಂದರು ತಾಯಿ.

ಕಣ್ಣಿನ ಡಾಕ್ಟರು ಪೊರೆ ಈಗಷ್ಟೇ ಶುರುವಾಗಿದೆ, ಅವಸರವಿಲ್ಲ ಎಂದಿದ್ದರಂತೆ. ಅಕ್ಕನೇ ಪಟ್ಟು ಹಿಡಿದು ಆಪರೇಷನ್ ಮಾಡಿಸಿದರು. ಕಪ್ಪು ಕನ್ನಡಕ ಬಿಚ್ಚಿ ವಾರವಾದ ಮೇಲೆ ಫೋನ್ ಮಾಡಿ ಕೇಳಿದರೆ ತಾಯಿ ಹೇಳಿದ್ದೇನು? "ಈಗ ಇನ್ನೂ ಚೆನ್ನಾಗಿ ಕಪ್ಪಗೆ ಕಾಣ್ತದೆ ಮಗಳೇ."

"ನಾನು ಅಮ್ಮನ್ನ ಬೈದೆ ಫ್ರಿಜ್ಜಪ್ಪ" ಎಂದರು ಅಕ್ಕ. ನನ್ನನ್ನು ಅವರು ಕರೆಯುವುದೇ ಹಾಗೆ. "ವಯಸ್ಸಾಯ್ತು ಅಂತ ಹೀಗೆಲ್ಲಾ ಹಟ ಮಾಡ್ಬೇಡ ಅಂದೆ. ಅಲ್ಲಿಂದಾಚೆ ಅಮ್ಮ ಒಂದು ದಿನಾನೂ ಕಪ್ಪು ಅನ್ಲಿಲ್ಲ. ಕೇಳಿದ್ರೆ, ಚೆನ್ನಾಗಿ ಕಾಣ್ತದೆ ಅಂತಿದ್ರು."

ಅಕ್ಕ ನೋಡಲು ಹೋಗುತ್ತಿರಲಿಲ್ಲವೇ ಎಂದರೆ, ಹೋಗುತ್ತಿದ್ದರು. ಆದರೆ ಅತ್ತಿಗೆ ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು, "ಬರೋ ಮುಂಚೆ ಒಂದು ಫೋನ್ ಮಾಡಮ್ಮ, ನಿನಗಿಷ್ಟ ಆಗೋದು ಏನಾದ್ರೂ ಮಾಡಿಡ್ತೀನಿ" ಎಂದಿದ್ದರು. ಅಕ್ಕ ಇದನ್ನು ಪ್ರೀತಿ ಎಂದುಕೊಂಡು ಪ್ರತಿ ಸಲವೂ ಫೋನ್ ಮಾಡಿಯೇ ಹೋಗುತ್ತಿದ್ದರು. ಹೋದಾಗಲೆಲ್ಲ ತಾಯಿ ತಲೆ ಬಾಚಿಕೊಂಡು ಸೋಫಾದ ಮಧ್ಯದಲ್ಲಿ ಕೂತಿರುತ್ತಿದ್ದರು. ಅಲ್ಲಿಂದ ಟಿವಿ ಸರಿಯಾಗಿಯೇ ಕಾಣುತ್ತಿತ್ತು. ತಾಯಿ ಮನೆಯ ಮಾತನ್ನು ಹೊರಗೆ ಹಾಕುವ ಹೆಂಗಸಲ್ಲ. ಮುಖ ಕಪ್ಪಗೆ ಕಾಣುತ್ತದೆ ಎಂದು ಹೇಳಿದರೇ ಹೊರತು, ತನ್ನನ್ನು ಎಲ್ಲಿ ಮಲಗಿಸಿದ್ದಾರೆ ಎಂದು ಬಾಯಿ ಬಿಡಲಿಲ್ಲ.

ಎಂಟು ತಿಂಗಳಿಗೆ ತಾಯಿ ತೀರಿಕೊಂಡರು. ಅವರ ಬಟ್ಟೆಗಳನ್ನು ವಿಂಗಡಿಸಲು ಅಕ್ಕ ಹೋದರು. ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ ಒಂದು ತಗ್ಗಿನ ಮಂಚವಿತ್ತು, ಅದರ ಮೇಲೆ ಬಟ್ಟೆಯ ಗಂಟು. ಅಕ್ಕ ಅಲ್ಲೇ ಕೂತು ಮಡಚತೊಡಗಿದರು. ಯಾರೋ ಟಿವಿ ಹಾಕಿದರು. ತಲೆ ಎತ್ತಿದರೆ, ಗೋಡೆಯ ಮೇಲೆ ಎತ್ತರದಲ್ಲಿ ಇದ್ದಿಲಿನಂಥ ಮುಖದ ಒಬ್ಬಳು ಕಪ್ಪು ಹಲ್ಲು ತೋರಿಸುತ್ತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಆ ಕಾಲದ ಸಣ್ಣ ಚಪ್ಪಟೆ ಟಿವಿಗಳನ್ನು ತಗ್ಗಿನಿಂದ ನೋಡಿದರೆ ಹಾಗೇ ಕಾಣುತ್ತಿತ್ತು.

"ಅಮ್ಮ ಇಲ್ಲೇ ಮಲಗ್ತಿದ್ರಾ ಅತ್ತಿಗೆ?"

"ಅವರಿಗೆ ಅಲ್ಲೇ ಹಾಯಾಗಿರ್ತಿತ್ತಮ್ಮ."

"ಸೋಫಾದಲ್ಲಿ ಕೂರಿಸ್ತೀನಿ ಅಂದ್ರಿ."

"ತಲೆ ಎಣ್ಣೆ ಎಲ್ಲಾ ಅಂಟ್ತಿತ್ತು. ಹೊಸ ಸೋಫಾ ಅಲ್ವಾ."

ಅಕ್ಕ ಬಟ್ಟೆಯ ಗಂಟನ್ನು ಎತ್ತಿಕೊಂಡು, ಒಂದು ಲೋಟ ನೀರನ್ನೂ ಕುಡಿಯದೆ ಹೊರಟು ಬಂದರು. ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಣ್ಣ ತೀರಿಕೊಂಡಾಗಲೂ ಬೀದಿಯಲ್ಲಿ ನಿಂತು ನೋಡಿ ವಾಪಸಾದರು. ಹಾಳೆ, ಪೆನ್ನು, ಸ್ಟೂಲು ಅಂಗಡಿಗೆ ಬಂದದ್ದು ಆ ವಾರದಲ್ಲಿ.

ಊಟ ಮುಗಿಸಿ ಡಬ್ಬಿಯ ಮುಚ್ಚಳ ಒತ್ತುತ್ತಾ ಅಕ್ಕ ಹೇಳಿದರು, "ನಾನು ಸೋತಿದ್ದು ಒಂದೇ ಕಡೆ ಫ್ರಿಜ್ಜಪ್ಪ. ಅವಳು ಹೇಳಿದ ಸುಳ್ಳನ್ನ ನಂಬಿ ನಮ್ಮಮ್ಮನ ಕಣ್ಣು ಕುಯ್ಯಿಸಿದೆ. ಇದನ್ನ ನಾನು ಹೊಟ್ಟೆಗೆ ಹಾಕ್ಕೊಳ್ಳಲ್ಲ. ಅವಳೂ ಒಂದು ದಿನ ಆ ಮೂಲೆಗೆ ಬೀಳ್ತಾಳೆ. ಬೀಳಲೇಬೇಕು." ಅಕ್ಕ ಯಾರ ಬಗ್ಗೆಯೂ ಏಕವಚನದಲ್ಲಿ ಮಾತಾಡುವವರಲ್ಲ. ಅತ್ತಿಗೆಯ ಬೆನ್ನ ಹಿಂದೆ ಮಾತ್ರ ಅವರ ನಾಲಿಗೆ ಹಾಗೆ ತಿರುಗುತ್ತಿತ್ತು.

ಈ ಮಾತಿಗೆ ಆರು ವರ್ಷವಾದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬ ಯುವತಿ ಬಂದಳು. ಹಿಂದೆಯೇ ಊರುಗೋಲು ಹಿಡಿದು, ಒಂದು ಕಾಲೆಳೆಯುತ್ತ ಒಬ್ಬ ಹೆಂಗಸು. ಅಕ್ಕನ ಕೈಯಲ್ಲಿದ್ದ ಒರೆಸುವ ಬಟ್ಟೆ ಪರದೆಯ ಮೇಲೆ ನಿಂತುಬಿಟ್ಟಿತು. ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

"ಚಿಕ್ಕತ್ತೆ ಅಲ್ವಾ?" ಎಂದಳು ಆ ಯುವತಿ, ಅತ್ತಿಗೆಯ ಸೊಸೆ, ಹಲ್ಲು ಕಿರಿಯುತ್ತ. "ನೀವು ಇಲ್ಲೇ ಇದ್ದೀರ ಅಂತ ಇವರು ಹೇಳಿದ್ರು. ಹೊರಗಿನವರ ಹತ್ರ ಯಾಕೆ ತಗೋಬೇಕು ಹೇಳಿ."

ಅತ್ತಿಗೆ ನೆಲ ನೋಡುತ್ತಿದ್ದರು. "ಹೇಗಿದ್ದೀಯಮ್ಮ?" ಎಂದರು.

"ನೋಡ್ತಿದ್ದೀರಲ್ಲ ಅತ್ತಿಗೆ" ಎಂದರು ಅಕ್ಕ. ಹಾಳೆ, ಪೆನ್ನು ಸೊಸೆಯ ಕೈಗೆ ಹೋಯಿತು.

ಸೊಸೆ ಚುರುಕಿನವಳು, ಮೂರು ಗೆರೆಯಲ್ಲಿ ಕೋಣೆ ಮುಗಿಸಿದಳು. ಕಿಟಕಿ, ಟಿವಿಯ ಗೋಡೆ, ಎದುರಿಗೆ ಸೋಫಾ. ಆಮೇಲೆ ಅಭ್ಯಾಸದಿಂದಲೋ ಏನೋ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ಉದ್ದನೆಯ ಚೌಕವನ್ನೂ ಎಳೆದುಬಿಟ್ಟಳು.

ಅಕ್ಕ ಬೆರಳಿಟ್ಟರು. "ಇದೇನು?"

"ಅದಾ? ಹಳೇ ಮಂಚ. ಒಗೆದ ಬಟ್ಟೆ ಹಾಕೋಕೆ."

"ಅತ್ತಿಗೆ ಎಲ್ಲಿ ಕೂತು ನೋಡ್ತಾರೆ?"

"ಅತ್ತೆನಾ? ನಮ್ಮ ಜೊತೇಲೇ, ಸೋಫಾದ ಮಧ್ಯದಲ್ಲಿ."

ನಾನು ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದೆ. ಅಕ್ಕ ತಿರುಗಿ ಅತ್ತಿಗೆಯ ಮುಖ ನೋಡಿದರು. ಆ ಮುಖ ಹುಳ್ಳಗಾಗಿತ್ತು. ಅಕ್ಕ ಮುಗುಳ್ನಕ್ಕರು. ನಾನು ಅಂಗಡಿ ಸೇರಿದ ಹನ್ನೊಂದು ವರ್ಷದಲ್ಲಿ ಅವರು ಅಷ್ಟು ಚೆನ್ನಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಹಾಗಾದ್ರೆ ತೊಂದರೇನೇ ಇಲ್ಲ" ಎಂದರು. ಸ್ಟೂಲು ಅದರ ಮೂಲೆಯಲ್ಲೇ ಉಳಿಯಿತು. ಅಂಗಡಿಗೆ ಬಂದ ಯಾರನ್ನೂ ಆ ಸ್ಟೂಲಿನ ಮೇಲೆ ಕೂರಿಸದೆ ಬಿಡದ ಅಕ್ಕ ಅಂದು ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಆಗ ನನಗೆ ವಿಷಯ ಹೊಳೆಯಿತು. ಸುಳ್ಳೇಕೆ ಹೇಳಲಿ, ನನಗೂ ಖುಷಿಯಾಯಿತು.

ಅಕ್ಕ ಎರಡು ಟಿವಿಗಳನ್ನು ಅಕ್ಕಪಕ್ಕ ಹಾಕಿದರು. ಎಡಗಡೆಯದು ದೊಡ್ಡದು, ಬಣ್ಣಗಳು ಕಣ್ಣಿಗೆ ಹೊಡೆಯುವಂಥದ್ದು, ಕಪ್ಪೆಂದರೆ ಕಾಡಿಗೆಗಪ್ಪು. ಆದರೆ ಎದುರಿಗೆ ಕೂತವರಿಗೆ ಮಾತ್ರ. ಬಲಗಡೆಯದು ಒಂದು ಬೆರಳು ಸಣ್ಣದು, ನೋಡಲು ಸಾಧಾರಣ, ಯಾವ ಮೂಲೆಯಿಂದ ನೋಡಿದರೂ ಒಂದೇ ಥರ. ಸೊಸೆ ಎದುರಿಗೆ ನಿಂತು ಎಡಗಡೆಯದರ ಮೇಲೆ ಕಣ್ಣು ಕೀಲಿಸಿದಳು. "ಇದೇ ಚಿಕ್ಕತ್ತೆ, ಏನ್ ಬಣ್ಣ!"

"ಒಳ್ಳೇ ಆಯ್ಕೆ" ಎಂದರು ಅಕ್ಕ.

ಅಷ್ಟರಲ್ಲಿ ನಿಲ್ಲಲಾರದೆ ಅತ್ತಿಗೆ ಆಚೀಚೆ ನೋಡಿ, ವಾಷಿಂಗ್ ಮಷಿನ್‌ಗಳ ಕಡೆಯ ಮೂಲೆಯಲ್ಲಿದ್ದ ಆ ಸ್ಟೂಲಿನ ಮೇಲೆ ತಾವೇ ಹೋಗಿ ಕೂತರು. ಅದು ಅವರ ಭಾರಕ್ಕೆ ಒಂದು ಕಡೆ ವಾಲಿತು. ಊರುಗೋಲು ತೊಡೆಯ ಮೇಲಿಟ್ಟುಕೊಂಡು ತಲೆ ಎತ್ತಿದರು. ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

"ಇಲ್ಲಿಂದ ಆ ದೊಡ್ಡದು ಬೂದಿ ಬಳಿದ ಹಾಗೆ ಕಾಣ್ತದಲ್ಲ. ಮುಖಾನೇ ಗೊತ್ತಾಗಲ್ಲ" ಎಂದರು. "ಪಕ್ಕದ್ದು ಚೆನ್ನಾಗಿದೆ. ಅದನ್ನ ತಗೊಳ್ಳೋಣಮ್ಮ."

"ಅಲ್ಲಿಂದ ಯಾಕೆ ನೋಡ್ತೀರ ಅತ್ತೆ? ಎದುರಿಗೆ ಬನ್ನಿ" ಎಂದಳು ಸೊಸೆ, ತಿರುಗಿ ಕೂಡ ನೋಡದೆ.

ಅತ್ತಿಗೆ ಏಳಲಿಲ್ಲ. ಅವರ ದೃಷ್ಟಿ ಟಿವಿಯಿಂದ ಸರಿದು ಅಕ್ಕನ ಮೇಲೆ ನಿಂತಿತು. ಆ ಎರಡು ಕ್ಷಣದಲ್ಲಿ ಅವರಿಗೆ ಎಲ್ಲವೂ ಅರ್ಥವಾಯಿತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ತಾನೀಗ ಯಾರ ಜಾಗದಲ್ಲಿ ಕೂತಿದ್ದೇನೆ, ದಿನವೂ ಯಾರ ಮಂಚದ ಮೇಲೆ ಬಿದ್ದುಕೊಂಡಿರುತ್ತೇನೆ, ಇದೆಲ್ಲ ಈ ನಾದಿನಿಗೆ ಎಷ್ಟು ಚೆನ್ನಾಗಿ ಗೊತ್ತಿದೆ, ಎಲ್ಲವೂ.

"ನೀನಾದ್ರೂ ಹೇಳಮ್ಮ ಅವಳಿಗೆ" ಎಂದರು ಸಣ್ಣ ದನಿಯಲ್ಲಿ.

ಅಕ್ಕ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸೊಸೆ ಕೇಳುತ್ತಿದ್ದಳು. ಅಕ್ಕನ ಮಾತನ್ನು ಆ ಅಂಗಡಿಯಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ಅಕ್ಕ ನಿಧಾನವಾಗಿ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು.

"ನಾನೇನ್ ಹೇಳ್ಲಿ ಅತ್ತಿಗೆ? ಸೋಫಾದ ಮಧ್ಯದಲ್ಲಿ ಕೂರೋರಿಗೆ ಅದೇ ಚೆನ್ನಾಗಿ ಕಾಣೋದು."

ದೊಡ್ಡ ಟಿವಿಗೆ ಬಿಲ್ಲಾಯಿತು. ನಮ್ಮಲ್ಲಿ ಒಂದು ಸವಲತ್ತಿದೆ. ಕೊಂಡದ್ದು ಹಿಡಿಸದಿದ್ದರೆ ಹತ್ತು ದಿನದೊಳಗೆ ಬೇರೆಯದಕ್ಕೆ ಬದಲಾಯಿಸಿ ಕೊಡುತ್ತೇವೆ. ಪ್ರತಿಯೊಬ್ಬ ಗಿರಾಕಿಗೂ ಅಕ್ಕ ಇದನ್ನು ಮೂರು ಮೂರು ಸಲ ಹೇಳಿ ತಲೆ ತಿನ್ನುತ್ತಾರೆ. ಅಂದು ಬಿಲ್ಲನ್ನು ಮಡಚಿ ಲಕೋಟೆಗೆ ಹಾಕಿ, ಬಾಯಿ ಮುಚ್ಚಿಕೊಂಡು ಕೊಟ್ಟರು. ಆಮೇಲೆ ಪೆಟ್ಟಿಗೆಗಳ ಹಿಂದೆ ಊಟಕ್ಕೆ ಕೂತು ತಮ್ಮ ಡಬ್ಬಿಯ ಜೊತೆ ನನ್ನ ಡಬ್ಬಿಯ ಅರ್ಧವನ್ನೂ ತಿಂದರು. ಹಾಡು ಬೇರೆ ಗುನುಗುತ್ತಿದ್ದರು.

ಮೂರನೆಯ ದಿನ ಟಿವಿಯನ್ನು ಗೋಡೆಗೆ ಹಾಕಲು ಹೋಗಿದ್ದ ಫಿಟ್ಟರು ಬಂದು ಹೇಳಿದ. "ಡ್ರಿಲ್ ಹಾಕ್ಬೇಕಾದ್ರೆ ಧೂಳೆಲ್ಲಾ ಮೂಲೆ ಮಂಚದ ಕಡೆ ಹಾರ್ತಿತ್ತು ಅಕ್ಕ. ಅಲ್ಲಿ ಒಬ್ಬರು ಅಜ್ಜಿ ಮಲಗಿದ್ರು. ಸ್ವಲ್ಪ ಎದ್ದೇಳ್ತೀರ ಅಂದ್ರೆ, ಎಲ್ಲಿಗೆ ಹೋಗ್ಲಪ್ಪ ಅಂದ್ರು. ಮುಖಕ್ಕೆ ಸೆರಗು ಹಾಕ್ಕೊಂಡ್ರು."

"ಸೋಫಾ ಖಾಲಿ ಇತ್ತಾ?" ಎಂದು ಕೇಳಿದರು ಅಕ್ಕ.

"ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಸಿದ್ರು."

ಅಕ್ಕನಿಗೆ ಇದನ್ನು ಕೇಳಿ ಹೊಟ್ಟೆ ತಣ್ಣಗಾಯಿತು. ಅವರೇ ಹೇಳಿದರು, ನಾನು ಊಹಿಸಿದ್ದಲ್ಲ.

ಐದನೆಯ ದಿನ ಅವರ ಫೋನು ಹೊಡೆದುಕೊಂಡಿತು. ಅತ್ತಿಗೆಯ ನಂಬರು ನೋಡಿ ಅಕ್ಕ ಅದನ್ನು ಮೇಜಿನ ಮೇಲೆ ಕವುಚಿ ಹಾಕಿದರು. ಏಳನೆಯ ದಿನ ಮತ್ತೆ. ಒಂಬತ್ತನೆಯ ದಿನ ಎರಡು ಸಲ. "ತೆಗೀಬಾರದಾ ಅಕ್ಕ? ಇನ್ನೂ ಬದಲಾಯಿಸ್ಕೊಡ್ಬಹುದು" ಎಂದೆ. ಅಷ್ಟು ಹೊತ್ತಿಗೆ ನನ್ನ ಖುಷಿ ಸ್ವಲ್ಪ ಹುಳಿಯಾಗಿತ್ತು.

"ನಿನ್ನ ಫ್ರಿಜ್ಜಿನ ಬಾಗಿಲು ತೆರೆದಿದೆ, ನೋಡ್ಕೋ ಹೋಗು" ಎಂದರು.

ಹನ್ನೊಂದನೆಯ ದಿನ ಬೆಳಿಗ್ಗೆ, ಅಂಗಡಿ ಆಗಷ್ಟೇ ತೆರೆದಿತ್ತು. ಅಕ್ಕ ಪರದೆ ಒರೆಸುತ್ತಿದ್ದರು. ಫೋನು ಬಂತು. ಈ ಸಲ ಮೊದಲ ಗಂಟೆಗೇ ಎತ್ತಿಕೊಂಡರು. ಇದಕ್ಕಾಗಿ ಅವರು ಎಷ್ಟು ಮಾತು ಕೂಡಿಟ್ಟಿದ್ದರೆಂದು ನನಗೆ ಗೊತ್ತು. ಖಾಲಿ ಪೆಟ್ಟಿಗೆಗಳ ಹಿಂದೆ ಕೂತು ವರ್ಷಗಟ್ಟಲೆ ಅವನ್ನೆಲ್ಲ ನನ್ನ ಮುಂದೆ ಆಡಿ ನೋಡಿದ್ದರು. ಅತ್ತಿಗೆ ದಬಾಯಿಸಿದರೆ ಹೀಗೆ, ಅತ್ತರೆ ಹೀಗೆ, ತಾಯಿಯ ಹೆಸರು ಎತ್ತಿದರೆ ಹೀಗೆ.

ಸದ್ದಿಲ್ಲದ ಅಂಗಡಿ. ಆ ಕಡೆಯ ಮಾತು ನನಗೂ ಕೇಳುತ್ತಿತ್ತು.

"ಏನಿಲ್ಲಮ್ಮ, ತೊಂದರೆ ಕೊಡ್ತಿದ್ದೀನಿ. ಟಿವೀಲಿ ಯಾರ ಮುಖಾನೂ ಸರಿಯಾಗಿ ಕಾಣಲ್ಲ. ಎಲ್ಲಾ ಬೆಳ್ಳಗೆ, ಬೂದಿ ಹಾಗೆ. ಸೊಸೆಗೆ ಹೇಳಿದ್ರೆ ನಮಗೆಲ್ಲಾ ಚೆನ್ನಾಗೇ ಕಾಣ್ತದೆ ಅಂತಾಳೆ. ಏನ್ ಮಾಡ್ಲಿ ಹೇಳು."

ಅಕ್ಕ ಕಣ್ಣು ಮುಚ್ಚಿಕೊಂಡರು. ಆಮೇಲೆ ಒಂದೊಂದೇ ಪದವನ್ನು ಬಿಡಿಸಿ ಹೇಳಿದರು.

"ಟಿವಿಗೇನಾಗಿಲ್ಲ ಅತ್ತಿಗೆ. ಕಣ್ಣು ತೋರಿಸ್ಕೊಳ್ಳಿ."

ಅತ್ತಿಗೆ ಬೈಯಬೇಕಿತ್ತು. ಕೂಗಬೇಕಿತ್ತು. ನಿನಗೆ ಎಲ್ಲಾ ಗೊತ್ತಿತ್ತು ಎನ್ನಬೇಕಿತ್ತು. ಅಕ್ಕ ಬಾಯಿ ಅರ್ಧ ತೆರೆದು, ಉತ್ತರ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾಯುತ್ತಿದ್ದರು.

"ಆಯ್ತಮ್ಮ" ಎಂದಿತು ಆ ದನಿ. ಫೋನು ನಿಂತಿತು.

ಅಕ್ಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ನಾನು ಹತ್ತಿರ ಹೋದೆ. "ಏನಂದ್ರು ಅಕ್ಕ?" ಎಂದು ಕೇಳಿದೆ, ಕೇಳಿಸಿದ್ದರೂ.

"ಆಯ್ತಮ್ಮ ಅಂದ್ರು" ಎಂದರು. ಅತ್ತಿಗೆಗೆ ಅವರು ಬೆನ್ನ ಹಿಂದೆ ಬಹುವಚನ ಹಚ್ಚಿದ್ದು ಅದೇ ಮೊದಲು. ಫೋನನ್ನು ಮೇಜಿನ ಮೇಲಿಟ್ಟು, "ನಮ್ಮಮ್ಮನ ದನಿ ಕಣೋ ಅದು" ಎಂದರು.

"ಇವತ್ತು ಹನ್ನೊಂದನೇ ದಿನ ಅಲ್ವಾ" ಎಂದೆ.

"ಹೌದು. ನಾನೇ ಎಣಿಸಿದ್ದೆ."

ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಗಂಡ ಹೆಂಡತಿ ಇಬ್ಬರು ಬಂದರು, ಟಿವಿ ನೋಡಬೇಕು ಎಂದರು. ಅಕ್ಕ ಅವರನ್ನು ನೋಡಲಿಲ್ಲ. ವಾಷಿಂಗ್ ಮಷಿನ್‌ಗಳ ಕಡೆ ನಡೆದು ಹೋಗಿ, ಮೂಲೆಯ ಸ್ಟೂಲಿನ ಮೇಲೆ ಕೂತು, ಬೂದಿ ಬಳಿದಂತೆ ಕಾಣುವ ಆ ದೊಡ್ಡ ಟಿವಿಯನ್ನೇ ನೋಡತೊಡಗಿದರು.

ಹಾಳೆ, ಪೆನ್ನು ನಾನೇ ಕೊಟ್ಟೆ. ಅವರು ಮನೆ ಬರೆದರು. ಮೂಲೆಯಲ್ಲಿ ಒಂದು ಮಂಚವನ್ನೂ ಬರೆದರು, ಅಪ್ಪನದು ಎಂದರು. ಅವರನ್ನು ಕೂರಿಸಲು ಸ್ಟೂಲು ಖಾಲಿ ಇರಲಿಲ್ಲ.